ಬಾತ್ ನಗರದ ಹಳೆಯ ಚಿತ್ರ ಅಂಚೆಕಾರ್ಡು: ಕಾಲ ಗುರುತಿಸಿ ಕೊಳ್ಳುವುದು, ಕಾಪಾಡುವುದು

ಬಾತ್ ನಗರದ ಹಳೆಯ ಚಿತ್ರ ಅಂಚೆಕಾರ್ಡುಗಳಿಗೆ ಬರವಿಲ್ಲ. ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿರುವ ಈ ಊರಿನ ಬುಗ್ಗೆಗಳಿಂದ ಸುಮಾರು 46 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಹೆಚ್ಚು ಉಕ್ಕುತ್ತದೆ. ರೋಮನ್ನರು ಅದರ ಸುತ್ತ ಸ್ನಾನಗೃಹ ಕಟ್ಟಿದರು. 18ನೇ ಶತಮಾನದ ಸಿರಿವಂತರು ಮೈಕೈ ನೋವಿನ ನೆಪದಲ್ಲಿ ಬಂದು ನೀರು ಕುಡಿದು, ಇಸ್ಪೀಟು ಆಡಿ, ಮಗಳಿಗೆ ವರ ಹುಡುಕಿದರು. ರೈಲು ಬಂದ ಮೇಲೆ ಉಳಿದವರೂ ಬಂದರು. ಬಂದವರೆಲ್ಲ ಊರಿಗೆ ಒಂದು ಕಾರ್ಡು ಹಾಕಿದರು. ಈಗ ಈಬೇ, ಡೆಲ್‌ಕ್ಯಾಂಪ್‌ನಂತಹ ಜಾಲತಾಣಗಳಲ್ಲಿ ಹುಡುಕಿದರೆ ಅವು ರಾಶಿರಾಶಿಯಾಗಿ ಸಿಗುತ್ತವೆ. ಸಾಮಾನ್ಯ ನೋಟದ ಕಾರ್ಡುಗಳಿಗೆ ಒಂದೆರಡು ಪೌಂಡಿನಿಂದ ಐದು ಪೌಂಡಿನವರೆಗೆ ಕೇಳುತ್ತಾರೆ. ಹೊಸಬರು ಕೈಯಿಟ್ಟು ಕಲಿಯಲು ಇದಕ್ಕಿಂತ ಅಗ್ಗದ ಊರು ಸಿಗುವುದು ಕಷ್ಟ.

ತೊಡಕಿರುವುದು ಮಾರುವವರ ವಿವರಣೆಯಲ್ಲಿ. 'ಅಪರೂಪದ ಕಾರ್ಡು, ಸುಮಾರು 1900' ಎಂದು ಬರೆದಿರುವುದರಲ್ಲಿ 'ಅಪರೂಪ' ಸಾಮಾನ್ಯವಾಗಿ ಸುಳ್ಳು, '1900' ಊಹೆ. ಒಂದು ಕಾರ್ಡಿಗೆ ಮೂರು ಕಾಲಗಳಿರುತ್ತವೆ: ಫೋಟೋ ತೆಗೆದ ಕಾಲ, ಅಚ್ಚಾದ ಕಾಲ, ಅಂಚೆಗೆ ಬಿದ್ದ ಕಾಲ. ಒಬ್ಬ ಪ್ರಕಾಶಕ 1890ರ ದಶಕದಲ್ಲಿ ತೆಗೆದ ಚಿತ್ರವನ್ನು ಹತ್ತು ವರ್ಷ ಬಿಟ್ಟು ಅಚ್ಚು ಹಾಕಬಹುದು. ಅಂಗಡಿಯ ಮೂಲೆಯಲ್ಲಿ ಉಳಿದ ಆ ಕಾರ್ಡನ್ನು ಯಾರೋ ಇನ್ನೂ ಹತ್ತು ವರ್ಷದ ನಂತರ ಬರೆಯಬಹುದು. ಅಂಚೆ ಕಚೇರಿ ಒತ್ತಿದ ಠಸ್ಸೆಯಲ್ಲಿರುವ ವರ್ಷ ಈ ಮೂರರಲ್ಲಿ ಒಂದನ್ನು ಮಾತ್ರ ಹೇಳುತ್ತದೆ. ಮೂರನ್ನೂ ಬೇರೆಬೇರೆಯಾಗಿ ಹಿಡಿಯುವುದನ್ನು ಕಲಿತವರಿಗೆ ಮಾರುವವರ ಮಾತಿನ ಹಂಗು ಇರುವುದಿಲ್ಲ.

ಬೇಕಾದ ಸಲಕರಣೆ ಅಲ್ಪ: ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಒಂದು ಸ್ಕೇಲು, ನೋಟು ಪರೀಕ್ಷಿಸಲು ಅಂಗಡಿಯವರು ಇಟ್ಟುಕೊಳ್ಳುವ ಅತಿನೇರಳೆ ಟಾರ್ಚ್, ಮೃದುವಾದ ಪೆನ್ಸಿಲ್.

ಮೊದಲ ಹೆಜ್ಜೆ: ಊರನ್ನಲ್ಲ, ಒಂದು ಜಾಗವನ್ನು ಆರಿಸಿ

'ಬಾತ್' ಎಂದು ಕಂಡದ್ದನ್ನೆಲ್ಲ ಕೊಳ್ಳಲು ಹೊರಟರೆ ಆರು ತಿಂಗಳಲ್ಲಿ ಅರ್ಧಚಂದ್ರಾಕಾರದ ಮನೆಸಾಲಾದ ರಾಯಲ್ ಕ್ರೆಸೆಂಟ್‌ನ ಒಂದೇ ಕೋನದ ಚಿತ್ರಗಳು ಡಬ್ಬಿ ತುಂಬುತ್ತವೆ. ಒಂದು ಸೇತುವೆ, ಒಂದು ಬೀದಿ, ಟ್ರಾಮುಗಳು, ರೋಗಿಗಳನ್ನು ಕೂರಿಸಿ ತಳ್ಳುತ್ತಿದ್ದ ಬಾತ್ ಚೇರ್ ಎಂಬ ಗಾಲಿಕುರ್ಚಿ, ಹೀಗೆ ಯಾವುದಾದರೂ ಒಂದನ್ನು ಹಿಡಿಯಿರಿ. ಒಂದೇ ಜಾಗದ ಇಪ್ಪತ್ತು ಕಾರ್ಡುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಏನು ಬದಲಾಯಿತೆಂದು ಕಾಣುತ್ತದೆ. ಇಪ್ಪತ್ತು ಜಾಗಗಳ ಇಪ್ಪತ್ತು ಕಾರ್ಡುಗಳಿಂದ ಕಾಣುವುದು ಊರು ಚೆನ್ನಾಗಿದೆ ಎಂಬುದಷ್ಟೇ.

ಎರಡನೆಯ ಹೆಜ್ಜೆ: ಚಿತ್ರ ಬಿಡಿ, ಬೆನ್ನು ನೋಡಿ

ಬ್ರಿಟನ್ನಿನಲ್ಲಿ ಅಂಚೆಕಾರ್ಡು ಶುರುವಾದದ್ದು 1870ರ ಅಕ್ಟೋಬರ್ 1ರಂದು. ಆಗ ಅದರ ಮೇಲೆ ಚಿತ್ರವಿರಲಿಲ್ಲ, ಅಚ್ಚಾದ ಅರ್ಧ ಪೆನ್ನಿ ಅಂಚೆಚೀಟಿ ಇರುತ್ತಿತ್ತು. ಖಾಸಗಿಯವರು ಅಚ್ಚು ಹಾಕಿದ ಕಾರ್ಡಿಗೆ ಚೀಟಿ ಅಂಟಿಸಿ ಕಳಿಸಲು 1894ರ ಸೆಪ್ಟೆಂಬರಿನಲ್ಲಿ ಅನುಮತಿ ಸಿಕ್ಕಿತು. ಹಾಗಾಗಿ ಬಾತ್‌ನ ಚಿತ್ರ ಅಂಚೆಕಾರ್ಡು ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ.

ಸ್ಕೇಲು ಇಟ್ಟು ಅಳೆಯಿರಿ. ಸುಮಾರು 115 × 89 ಮಿಲಿಮೀಟರ್ ಇದ್ದು, ಚಚ್ಚೌಕಕ್ಕೆ ಹತ್ತಿರ ಕಂಡರೆ ಅದು 'ಕೋರ್ಟ್ ಕಾರ್ಡ್', 1890ರ ದಶಕದ್ದು. 140 × 89 ಮಿಲಿಮೀಟರ್ ಅಳತೆಗೆ 1899ರ ಕೊನೆಯಲ್ಲಿ ಅನುಮತಿ ಬಂತು, ಅದು ಬಹುಕಾಲ ನಡೆಯಿತು. ಸುಮಾರು 150 × 100 ಇದ್ದರೆ ಸಾಮಾನ್ಯವಾಗಿ 1960ರ ದಶಕದ ಆಚೆಯದು, ಇಲ್ಲವೇ ಹಳೆಯ ಚಿತ್ರದ ಹೊಸ ಮರುಮುದ್ರಣ.

ಮುಂದೆ ನಡುವಿನ ಗೆರೆ. 1902ರ ಜನವರಿಯವರೆಗೆ ಬೆನ್ನಿನಲ್ಲಿ ವಿಳಾಸ ಮಾತ್ರ ಬರೆಯಬೇಕಿತ್ತು, ಒಕ್ಕಣೆಯನ್ನು ಚಿತ್ರದ ಬದಿಯ ಖಾಲಿ ಅಂಚಿನಲ್ಲಿ ತುರುಕಬೇಕಿತ್ತು. ಬ್ರಿಟನ್ ಜಗತ್ತಿನಲ್ಲೇ ಮೊದಲು ಬೆನ್ನನ್ನು ಎರಡು ಭಾಗ ಮಾಡಲು ಒಪ್ಪಿತು. ಎಡಕ್ಕೆ ಮಾತು, ಬಲಕ್ಕೆ ವಿಳಾಸ. ಗೆರೆಯಿಲ್ಲದ ಬೆನ್ನಿನ ಕಾರ್ಡಿನ ಮೇಲೆ 1905ರ ಠಸ್ಸೆ ಇದ್ದರೆ ಗಾಬರಿ ಬೇಡ, ಹಳೆಯ ದಾಸ್ತಾನು ಖರ್ಚಾಗಿದೆ ಅಷ್ಟೇ. ಗೆರೆಯ ಎಡಭಾಗದಲ್ಲಿ 'ಒಳನಾಡಿಗೆ ಮಾತ್ರ ಇಲ್ಲಿ ಬರೆಯಬಹುದು' ಎಂಬರ್ಥದ ಸೂಚನೆ ಇದ್ದರೆ ಅದು ಆ ಪದ್ಧತಿಯ ಮೊದಲ ವರ್ಷಗಳದ್ದು. ಬೇರೆ ದೇಶಗಳು ಅಂತಹ ಬೆನ್ನನ್ನು ಆಗಿನ್ನೂ ಒಪ್ಪಿರಲಿಲ್ಲ. ಅಮೆರಿಕ ಒಪ್ಪಿದ್ದು 1907ರಲ್ಲಿ.

ಕೆಳಗಿನ ಸಣ್ಣ ಅಕ್ಷರಗಳನ್ನೂ ಓದಿ. ಸ್ಯಾಕ್ಸನಿ, ಬವೇರಿಯಾ ಅಥವಾ ಜರ್ಮನಿಯಲ್ಲಿ ಅಚ್ಚಾದದ್ದು ಎಂದಿದ್ದರೆ ಬಹುಮಟ್ಟಿಗೆ 1914ಕ್ಕೆ ಮುಂಚಿನದು. ಆ ಕಾಲದ ಒಳ್ಳೆಯ ಬಣ್ಣದ ಅಚ್ಚು ಜರ್ಮನ್ನರ ಕೈಯಲ್ಲಿತ್ತು. ಯುದ್ಧ ಬಂದು ಆ ದಾರಿ ಮುಚ್ಚಿತು.

ಮೂರನೆಯ ಹೆಜ್ಜೆ: ಅಂಚೆಚೀಟಿಯ ರಾಜನಿಗಿಂತ ಅದರ ದರ ಮುಖ್ಯ

ಚೀಟಿಯ ಮೇಲಿರುವ ಮುಖ ಎಲ್ಲರಿಗೂ ಕಾಣುತ್ತದೆ. ವಿಕ್ಟೋರಿಯಾಳ ಅರ್ಧ ಪೆನ್ನಿ ಚೀಟಿ 1900ರವರೆಗೆ ಕೆಂಪು ಬಣ್ಣದ್ದು, ಆಮೇಲೆ ಹಸಿರು. ಬೋಳುತಲೆಯ, ಗಡ್ಡದ ಏಳನೇ ಎಡ್ವರ್ಡ್ 1902ರಲ್ಲಿ ಬಂದ. ತಲೆತುಂಬ ಕೂದಲಿರುವ ಗಡ್ಡದ ಐದನೇ ಜಾರ್ಜ್ 1911ರಲ್ಲಿ ಬಂದ. ಎಡ್ವರ್ಡ್ ತೀರಿಕೊಂಡದ್ದು 1910ರಲ್ಲಾದರೂ ಅವನ ಚೀಟಿಗಳು ಮತ್ತೂ ಒಂದು ವರ್ಷ ಓಡಿದವು. ರಾಜನಿಂದ ಸಿಗುವುದು ಹತ್ತಿಪ್ಪತ್ತು ವರ್ಷದ ಅಂದಾಜು ಮಾತ್ರ.

ಹತ್ತಿರಕ್ಕೆ ಕರೆದೊಯ್ಯುವುದು ದರ. ಒಳನಾಡಿನ ಕಾರ್ಡಿಗೆ 1918ರ ಜೂನ್ ಆರಂಭದವರೆಗೆ ಅರ್ಧ ಪೆನ್ನಿ. ಆಮೇಲೆ ಒಂದು ಪೆನ್ನಿ. 1921ರ ಜೂನ್‌ನಲ್ಲಿ ಅದು ಒಂದೂವರೆ ಪೆನ್ನಿಗೆ ಏರಿತು. ಜನ ಬರೆಯುವುದನ್ನೇ ಕಡಿಮೆ ಮಾಡಿದ್ದರಿಂದ 1922ರ ಮೇ ತಿಂಗಳಲ್ಲಿ ಮತ್ತೆ ಒಂದು ಪೆನ್ನಿಗೆ ಇಳಿಯಿತು. 1940ರ ಮೇಯಿಂದ ಎರಡು ಪೆನ್ನಿ, 1957ರಿಂದ ಎರಡೂವರೆ. ಇಂಗ್ಲೆಂಡಿನ ವಿಳಾಸಕ್ಕೆ ಹೋದ, ಐದನೇ ಜಾರ್ಜ್‌ನ ಒಂದೂವರೆ ಪೆನ್ನಿ ಚೀಟಿಯ ಕಾರ್ಡು ಸಿಕ್ಕರೆ ಠಸ್ಸೆ ಅಳಿಸಿಹೋಗಿದ್ದರೂ ಕಾಲ ಹೆಚ್ಚುಕಡಿಮೆ ಒಂದು ವರ್ಷದೊಳಗೆ ಸಿಕ್ಕಿಬೀಳುತ್ತದೆ. ವಿದೇಶಕ್ಕೆ ಹೋದವಕ್ಕೆ ಬೇರೆ ದರ, ಅವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಒಂದು ಬಲೆ ಇದೆ. 1920, 30ರ ದಶಕದ ಕೆಲವು ಕಾರ್ಡುಗಳ ಮೇಲೆ ಅರ್ಧ ಪೆನ್ನಿ ಚೀಟಿಯೇ ಇರುತ್ತದೆ. ಒಕ್ಕಣೆಯನ್ನು ಎಣಿಸಿ ನೋಡಿ. ಐದು ಪದದೊಳಗಿನ ಶುಭಾಶಯವಷ್ಟೇ ಇದ್ದರೆ ಅದನ್ನು ಮುದ್ರಿತ ಕಾಗದದ ಅಗ್ಗದ ದರದಲ್ಲಿ ಕಳಿಸಬಹುದಿತ್ತು. ಜಿಪುಣರು ಎಲ್ಲ ಕಾಲದಲ್ಲೂ ಎಲ್ಲ ದೇಶದಲ್ಲೂ ಇದ್ದಾರೆ.

ಠಸ್ಸೆ ಮತ್ತು ಒಕ್ಕಣೆ

ಬ್ರಿಟಿಷ್ ಠಸ್ಸೆಯಲ್ಲಿ ಊರಿನ ಹೆಸರು, ವೇಳೆ, ತಿಂಗಳು, ದಿನ, ವರ್ಷ ಇರುತ್ತವೆ. ಆ ಕಾಲದಲ್ಲಿ ತಿಂಗಳನ್ನು ಎರಡೇ ಅಕ್ಷರದಲ್ಲಿ ಒತ್ತುತ್ತಿದ್ದರು. ಜೆ-ಯು ಎಂದರೆ ಜೂನ್, ಜೆ-ವೈ ಎಂದರೆ ಜುಲೈ. ಎಂ-ಆರ್ ಮಾರ್ಚ್, ಎಂ-ವೈ ಮೇ. ಅರ್ಧ ಮಾಸಿದ ಮುದ್ರೆಯಲ್ಲಿ ಇವನ್ನು ಅದಲುಬದಲು ಮಾಡಿಕೊಳ್ಳುವುದು ಸುಲಭ. ಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಶಾಯಿ ಹಿಡಿಯದ ಕಡೆಯೂ ಒತ್ತಿದ ಗುರುತು ಕೆಲವೊಮ್ಮೆ ಕಾಣುತ್ತದೆ. ಠಸ್ಸೆಯ ಊರು ಬಾತ್ ಆಗಿರಲೇಬೇಕೆಂದಿಲ್ಲ. ಕೊಂಡದ್ದು ಬಾತ್‌ನಲ್ಲಿ, ಡಬ್ಬಕ್ಕೆ ಹಾಕಿದ್ದು ಬ್ರಿಸ್ಟಲ್‌ನಲ್ಲಿ ಎಂಬಂತಹವು ಬೇಕಾದಷ್ಟು ಸಿಗುತ್ತವೆ.

ವೇಳೆಯನ್ನು ಕಡೆಗಣಿಸಬೇಡಿ. ಆಗ ದೊಡ್ಡ ಊರುಗಳಲ್ಲಿ ದಿನಕ್ಕೆ ಹಲವು ಬಾರಿ ಅಂಚೆ ಹಂಚುತ್ತಿದ್ದರು. ಬೆಳಿಗ್ಗೆ ಹಾಕಿದ ಕಾರ್ಡು ಹತ್ತಿರದ ಊರಿಗೆ ಅಂದೇ ತಲುಪುತ್ತಿತ್ತು. 'ಸಂಜೆ ರೈಲಿಗೆ ಬರುತ್ತೇನೆ, ನಿಲ್ದಾಣಕ್ಕೆ ಬಾ' ಎಂಬಂತಹ ಮಾತು ಅಂಚೆಕಾರ್ಡಿನಲ್ಲಿ ಏಕಿದೆ ಎಂದು ಬೆರಗಾಗುವ ಅಗತ್ಯವಿಲ್ಲ. ನಾವು ಮೊಬೈಲಿನಲ್ಲಿ ಕಳಿಸುವ ಸಂದೇಶದ ಕೆಲಸವನ್ನು ಅದು ಮಾಡುತ್ತಿತ್ತು.

ಬರೆಯದ, ಹೊಚ್ಚಹೊಸದಂತಿರುವ ಕಾರ್ಡಿಗೆ ಹೆಚ್ಚು ಬೆಲೆ ಕೊಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬರೆದ ಕಾರ್ಡಿನಲ್ಲಿ ದಿನಾಂಕವಿದೆ, ಒಬ್ಬ ಮನುಷ್ಯನಿದ್ದಾನೆ, ಬುಗ್ಗೆಯ ನೀರಿನ ರುಚಿಯ ಬಗ್ಗೆ ಒಂದು ಗೊಣಗಾಟವೂ ಇರಬಹುದು. ಖಾಲಿ ಬೆನ್ನಿನಿಂದ ಕಲಿಯುವುದೇನೂ ಇಲ್ಲ.

ಬಾತ್‌ಗೂ ಅಂಚೆಗೂ ಇರುವ ನಂಟು ಪೋಸ್ಟ್‌ಕಾರ್ಡಿಗಿಂತ ಹಳೆಯದು. 1784ರಲ್ಲಿ ಬ್ರಿಸ್ಟಲ್‌ನಿಂದ ಬಾತ್ ಮಾರ್ಗವಾಗಿ ಲಂಡನ್ನಿಗೆ ಮೊದಲ ಅಂಚೆ ಕುದುರೆಗಾಡಿ ಓಡಿಸಿದ ಜಾನ್ ಪಾಮರ್ ಈ ಊರಿನವನು. ಜಗತ್ತಿನ ಮೊದಲ ಅಂಟಿಸುವ ಚೀಟಿಯಾದ ಪೆನ್ನಿ ಬ್ಲ್ಯಾಕ್ ಅಧಿಕೃತವಾಗಿ ಜಾರಿಯಾದದ್ದು 1840ರ ಮೇ 6ರಂದು. ಬಾತ್‌ನಿಂದ ಅದನ್ನು ಅಂಟಿಸಿದ ಪತ್ರವೊಂದು ಮೇ 2ರಂದೇ ಹೊರಟಿತ್ತು.

ಈಗ ಚಿತ್ರಕ್ಕೆ ಬನ್ನಿ

ಇಲ್ಲಿ ಬೇಕಾಗುವುದು ಊರಿನ ಚರಿತ್ರೆ. ಬಾತ್‌ನ ಕಟ್ಟಡಗಳು ಬದಲಾಗುವುದೇ ಇಲ್ಲ ಎಂಬ ಭಾವನೆ ಸಾಮಾನ್ಯ. ಕ್ರೆಸೆಂಟ್‌ನ ಮೂವತ್ತು ಮನೆಗಳು 1775ರಿಂದ ಹಾಗೆಯೇ ನಿಂತಿವೆ ನಿಜ. ಆದ್ದರಿಂದಲೇ ಕ್ರೆಸೆಂಟ್‌ನ ಕಾರ್ಡಿನಲ್ಲಿ ಕಟ್ಟಡ ಬಿಟ್ಟು ಬೀದಿ ನೋಡಬೇಕು: ಕುದುರೆಗಾಡಿಯೋ ಕಾರೋ, ಹೆಂಗಸರ ಲಂಗ ನೆಲ ಗುಡಿಸುತ್ತಿದೆಯೋ ಮೊಣಕಾಲಿಗೆ ಏರಿದೆಯೋ. ಬೇರೆ ಜಾಗಗಳಲ್ಲಿ ಖಚಿತವಾದ ಗುರುತುಗಳಿವೆ.

ತಂತಿ ಮತ್ತು ಟ್ರಾಮ್. ಬಾತ್‌ನಲ್ಲಿ ವಿದ್ಯುತ್ ಟ್ರಾಮ್ ಓಡಿದ್ದು 1904ರ ಜನವರಿಯಿಂದ 1939ರ ಮೇವರೆಗೆ. ಬೀದಿಯ ಮೇಲೆ ಟ್ರಾಮಿನ ತಂತಿ ಕಂಡರೆ ಫೋಟೋ ಈ ಮೂವತ್ತೈದು ವರ್ಷಗಳ ಒಳಗಿನದು. ಅದಕ್ಕೂ ಮುಂಚೆ ಕುದುರೆ ಎಳೆಯುವ ಟ್ರಾಮ್ ಇತ್ತು, ಅದು 1902ರಲ್ಲಿ ನಿಂತಿತು. ಕೆಲವು ಪ್ರಕಾಶಕರು ಚಿತ್ರ ಅಂದವಾಗಲೆಂದು ತಂತಿಗಳನ್ನು ಅಳಿಸಿಬಿಡುತ್ತಿದ್ದರು. ಆದ್ದರಿಂದ ತಂತಿ ಇದ್ದರೆ ಸಾಕ್ಷಿ, ಇಲ್ಲದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ. ನೆಲದ ಮೇಲಿನ ಹಳಿಗಳನ್ನೂ ಹುಡುಕಿ, ಅವನ್ನು ಅಳಿಸಲು ಹಲವರು ಮರೆಯುತ್ತಿದ್ದರು.

ಎಂಪೈರ್ ಹೋಟೆಲ್. ಏವನ್ ನದಿಯ ಕಡೆಯಿಂದ ಅಬ್ಬೆ ಚರ್ಚಿನತ್ತ ನೋಡುವ ಚಿತ್ರಗಳಲ್ಲಿ ಒಂದು ಬೃಹತ್ ಕಟ್ಟಡ ಎದ್ದು ಕಾಣುತ್ತದೆ. ಊರಿನ ಮೈಕಟ್ಟಿಗೆ ಒಗ್ಗದ ಆ ಹೋಟೆಲು 1901ರಲ್ಲಿ ತೆರೆಯಿತು. ಅದು ಇರಬೇಕಾದ ಜಾಗ ಖಾಲಿಯಾಗಿದ್ದರೆ ಫೋಟೋ 19ನೇ ಶತಮಾನದ್ದು. ಅಂತಹ ಕಾರ್ಡಿಗೆ ಎರಡು ಪೌಂಡು ಹೆಚ್ಚು ಕೊಡಬಹುದು.

ಪಲ್ಟೆನಿ ಸೇತುವೆಯ ಕೆಳಗಿನ ಒಡ್ಡು. ಎರಡೂ ಬದಿಗೆ ಅಂಗಡಿ ಸಾಲಿರುವ ಈ ಸೇತುವೆಯನ್ನು ರಾಬರ್ಟ್ ಆಡಂ ವಿನ್ಯಾಸ ಮಾಡಿದ, ಮುಗಿದದ್ದು 1774ರಲ್ಲಿ. ಈಗ ಎಲ್ಲರ ಫೋಟೋದಲ್ಲಿ ಕಾಣುವ, ಮೆಟ್ಟಿಲು ಮೆಟ್ಟಿಲಾಗಿ ಬಾಗಿದ ಒಡ್ಡು ಪ್ರವಾಹ ತಡೆಯುವ ಯೋಜನೆಯಲ್ಲಿ 1968ರಿಂದ 1972ರ ನಡುವೆ ಕಟ್ಟಿದ್ದು. ಹಳೆಯ ಒಡ್ಡು ನದಿಗೆ ಓರೆಯಾಗಿ, ನೇರ ಗೆರೆಯಂತೆ ಹಾದಿತ್ತು. 'ಹಳೆಯ ಕಾರ್ಡು' ಎಂದು ಮಾರುವ ಕಂದುಬಣ್ಣದ ಚಿತ್ರದಲ್ಲಿ ಬಾಗಿದ ಒಡ್ಡು ಕಂಡರೆ ನಕ್ಕು ಮುಂದಕ್ಕೆ ಹೋಗಿ.

ರೋಮನ್ ಸ್ನಾನಗೃಹ. ದೊಡ್ಡ ಕೊಳದ ಸುತ್ತಲಿನ ಜಗಲಿ, ಅದರ ಮೇಲೆ ನಿಂತ ಚಕ್ರವರ್ತಿಗಳ ಪ್ರತಿಮೆಗಳು ರೋಮನ್ನರವಲ್ಲ. ಪ್ರತಿಮೆಗಳು 1894ರವು, ಜಗಲಿ 1897ರಲ್ಲಿ ತೆರೆದದ್ದು. ಹೆಚ್ಚಿನ ಕಾರ್ಡುಗಳಲ್ಲಿ ಅವು ಇದ್ದೇ ಇರುತ್ತವೆ. ಜಗಲಿ ಇಲ್ಲದ, ಅಗೆತ ನಡೆದಂತೆ ಕಾಣುವ ಚಿತ್ರ ಕಂಡರೆ ಕೂಡಲೇ ಕಾಯ್ದಿರಿಸಿ.

ಅಸೆಂಬ್ಲಿ ರೂಮ್ಸ್. ಒಳಾಂಗಣದ ಕಾರ್ಡುಗಳಿಗೆ ಕಾಲ ಕಟ್ಟುವುದು ಇಲ್ಲಿ ಸುಲಭ. 1942ರ ಏಪ್ರಿಲ್ ಕೊನೆಯಲ್ಲಿ ಜರ್ಮನ್ ವಿಮಾನಗಳು ಬಾತ್ ಮೇಲೆ ಬಾಂಬು ಸುರಿದಾಗ ಈ ಸಭಾಭವನ ಸುಟ್ಟುಹೋಯಿತು. ಮತ್ತೆ ತೆರೆದದ್ದು 1963ರಲ್ಲಿ. ನಡುವಿನ ಇಪ್ಪತ್ತು ವರ್ಷ ಅಲ್ಲಿ ಫೋಟೋ ತೆಗೆಯಲು ಒಳಾಂಗಣವೇ ಇರಲಿಲ್ಲ.

ವೇಷಧಾರಿಗಳ ಗುಂಪು. ರೋಮನ್ ಸೈನಿಕರೋ ಎಲಿಜಬೆತ್ ಕಾಲದ ಸರದಾರರೋ ಹುಲ್ಲುಹಾಸಿನ ಮೇಲೆ ನಿಂತಿದ್ದರೆ ಅದು 1909ರ ಜುಲೈನಲ್ಲಿ ರಾಯಲ್ ವಿಕ್ಟೋರಿಯಾ ಪಾರ್ಕಿನಲ್ಲಿ ನಡೆದ ಬಾತ್ ಚಾರಿತ್ರಿಕ ಮೆರವಣಿಗೆ-ನಾಟಕದ್ದಾಗಿರುವ ಸಾಧ್ಯತೆ ಹೆಚ್ಚು. ಇವುಗಳಲ್ಲಿ ಮುಖಗಳು ಸ್ಪಷ್ಟವಾಗಿರುತ್ತವೆ, ಬೆಲೆಯೂ ಸ್ವಲ್ಪ ಜಾಸ್ತಿ.

ಜಾಗವೇ ಗೊತ್ತಾಗದಿದ್ದರೆ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಇಂಗ್ಲೆಂಡಿನ ಹಳೆಯ ಸರ್ವೇ ನಕ್ಷೆಗಳನ್ನು ಇಂದಿನ ನಕ್ಷೆಯ ಮೇಲೆ ಇಟ್ಟು ನೋಡಬಹುದು, ಉಚಿತ. 'ಬಾತ್ ಇನ್ ಟೈಮ್' ಎಂಬ ಚಿತ್ರಸಂಗ್ರಹವೂ ಹೋಲಿಸಲು ಒಳ್ಳೆಯದು.

ಭೂತಗನ್ನಡಿಯ ಕೆಲಸ

ಆಕಾಶದ ಭಾಗದ ಮೇಲೆ ಗಾಜನ್ನು ಇಡಿ. ಸಾಲಾಗಿ ಜೋಡಿಸಿದ ಚುಕ್ಕಿಗಳು ಕಂಡರೆ ಹಾಫ್‌ಟೋನ್ ಅಚ್ಚು. ಕ್ರಮವಿಲ್ಲದ, ಸುಕ್ಕು ಸುಕ್ಕಾದ ಸಣ್ಣ ಕಣಗಳು ಕಂಡರೆ ಕಾಲೊಟೈಪ್, ಅಂದರೆ ಜೆಲಾಟಿನ್ ಪದರದಿಂದ ಒತ್ತಿದ ಅಚ್ಚು. ಯಾವ ಚುಕ್ಕಿಯೂ ಇಲ್ಲದೆ ಕಪ್ಪಿನಿಂದ ಬಿಳಿಗೆ ನುಣುಪಾಗಿ ಜಾರಿದರೆ ಅದು ನಿಜವಾದ ಫೋಟೋ ಕಾಗದ. ಅದರ ಕಪ್ಪು ಭಾಗಗಳಲ್ಲಿ ಓರೆ ಬೆಳಕಿಗೆ ಬೆಳ್ಳಿಯ ಹೊಳಪು ಕಾಣಬಹುದು. ಫೋಟೋ ಕಾಗದದ ಕಾರ್ಡುಗಳನ್ನು ಸ್ಥಳೀಯ ಛಾಯಾಗ್ರಾಹಕರು ಕಡಿಮೆ ಸಂಖ್ಯೆಯಲ್ಲಿ ಮಾಡುತ್ತಿದ್ದುದರಿಂದ ಪ್ರವಾಹ, ಮೆರವಣಿಗೆ, ಅಂಗಡಿಯ ಮುಂಭಾಗದಂತಹ ಚಿತ್ರಗಳು ಈ ರೂಪದಲ್ಲೇ ಸಿಗುತ್ತವೆ.

ಅತಿನೇರಳೆ ಟಾರ್ಚನ್ನು ಕತ್ತಲೆಯಲ್ಲಿ ಹಾಯಿಸಿದಾಗ ಕಾಗದ ನೀಲಿ-ಬಿಳುಪಾಗಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕವಿದೆ. ಸುಮಾರು 1950ಕ್ಕೆ ಮುಂಚಿನ ಕಾಗದದಲ್ಲಿ ಅದು ಇರುವುದಿಲ್ಲ. ಮರುಮುದ್ರಣ ಹಿಡಿಯಲು ಇಷ್ಟು ಸಾಕು.

ಬಣ್ಣವನ್ನು ಮಾತ್ರ ಸಾಕ್ಷಿಯಾಗಿ ನಂಬಬೇಡಿ. ಕಪ್ಪುಬಿಳುಪು ಫೋಟೋಗೆ ಮುದ್ರಣಾಲಯದಲ್ಲಿ ಬಣ್ಣ ತುಂಬುತ್ತಿದ್ದರು. ತುಂಬಿದವರಲ್ಲಿ ಹಲವರು ಆ ಊರನ್ನು ಕಂಡವರೇ ಅಲ್ಲ. ಬಿಸಿಲಿಗೆ ತೆರೆದ ರೋಮನ್ ಕೊಳದ ನೀರು ಪಾಚಿಯಿಂದ ಹಸಿರು, ಕಾರ್ಡಿನಲ್ಲಿ ಅದು ಸಮುದ್ರದಂತೆ ನೀಲಿಯಾಗಿರಬಹುದು. ಕಲ್ಲಿದ್ದಲ ಹೊಗೆಯಿಂದ ಕಪ್ಪಾಗಿದ್ದ ಗೋಡೆಗಳು ಅಂದವಾದ ಜೇನುಬಣ್ಣಕ್ಕೆ ತಿರುಗಿರಬಹುದು.

ಪ್ರಕಾಶಕರ ಸಂಖ್ಯೆ

ಮೂಲೆಯಲ್ಲಿನ ಸಂಖ್ಯೆ ಚಿತ್ರದ ದಾಖಲೆ ಸಂಖ್ಯೆ. ಸರ್ರೆಯ ರೈಗೇಟ್‌ನ ಫ್ರಾನ್ಸಿಸ್ ಫ್ರಿತ್ ಸಂಸ್ಥೆಯ ಸಂಖ್ಯೆಗಳು ಹೆಚ್ಚುಕಡಿಮೆ ಕಾಲಾನುಕ್ರಮದಲ್ಲಿವೆ, ಅವರ ಜಾಲತಾಣದಲ್ಲಿ ಚಿತ್ರದ ವರ್ಷ ಸಿಗುತ್ತದೆ. ಡಂಡಿಯ ವ್ಯಾಲೆಂಟೈನ್ ಸಂಸ್ಥೆಯ ಸಂಗ್ರಹ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿದೆ. ರಾಫೆಲ್ ಟಕ್ ಸಂಸ್ಥೆಯ ಲಂಡನ್ ಕಚೇರಿ 1940ರ ಡಿಸೆಂಬರ್ 29ರ ಬಾಂಬು ದಾಳಿಯಲ್ಲಿ ದಾಖಲೆಗಳ ಸಮೇತ ಸುಟ್ಟುಹೋಯಿತು. ಅವರ ಕಾರ್ಡುಗಳಿಗೆ ಸಂಗ್ರಾಹಕರು ಸೇರಿ ಮಾಡಿದ ಪಟ್ಟಿಗಳೇ ಗತಿ. ರೆಂಚ್ ಎಂಬ ಹೆಸರಿದ್ದರೆ ಸಂತೋಷಪಡಿ: ಆ ಕಂಪನಿ 1900ರಲ್ಲಿ ಹುಟ್ಟಿ 1904ರಲ್ಲಿ ಮುಳುಗಿತು.

ಎಲ್ಲವನ್ನೂ ಒಟ್ಟು ಮಾಡುವುದು

ಇಂತಹ ಒಂದು ಕಾರ್ಡನ್ನು ಊಹಿಸಿಕೊಳ್ಳಿ. ಪುರಭವನವಾದ ಗಿಲ್ಡ್‌ಹಾಲ್ ಎದುರಿನ ಬೀದಿ, ಬಣ್ಣದ ಅಚ್ಚು. ಬೆನ್ನಿನಲ್ಲಿ ಗೆರೆ, 'ಒಳನಾಡಿಗೆ ಮಾತ್ರ' ಎಂಬ ಸೂಚನೆ, ಸ್ಯಾಕ್ಸನಿಯ ಅಚ್ಚು. ಎಡ್ವರ್ಡ್‌ನ ಹಸಿರು ಅರ್ಧ ಪೆನ್ನಿ ಚೀಟಿ. ಠಸ್ಸೆ 1907ರ ಜುಲೈ. ಮಾರುವವರು 'ಸುಮಾರು 1900' ಎಂದಿದ್ದಾರೆ. ಚಿತ್ರದಲ್ಲಿ ಟ್ರಾಮಿನ ತಂತಿ ಇದೆ, ಆದ್ದರಿಂದ ಫೋಟೋ 1904ರ ಜನವರಿಗಿಂತ ಹಿಂದಿನದಲ್ಲ. ಠಸ್ಸೆಗಿಂತ ಈಚಿನದೂ ಅಲ್ಲ. ಫೋಟೋ, ಅಚ್ಚು, ಅಂಚೆ ಮೂರೂ ಮೂರೂವರೆ ವರ್ಷದೊಳಗೆ ಬಂದು ಕೂತವು. ನೋಟ್‌ಪುಸ್ತಕದಲ್ಲಿ 'ಫೋಟೋ 1904–07, ಅಚ್ಚು 1904–07, ಅಂಚೆ ಜುಲೈ 1907' ಎಂದು ಬರೆಯಿರಿ. 'ಸುಮಾರು' ಎಂಬ ಮಾತನ್ನು ಬಳಸಬೇಡಿ, ಮೇಲಿನ ಮಿತಿ ಕೆಳಗಿನ ಮಿತಿ ಎರಡನ್ನೂ ಕೊಡಿ.

ಕೊಳ್ಳುವಾಗ, ತಂದ ಮೇಲೆ

ಹಣ ಕೊಡುವ ಮೊದಲು ಎರಡೂ ಬದಿಯ ದೊಡ್ಡ ಚಿತ್ರ ಕೇಳಿ. ಬೆನ್ನಿನ ಚಿತ್ರ ಕೊಡಲು ಒಪ್ಪದವರಿಂದ ಕೊಳ್ಳಬೇಡಿ. ಮೂಲೆ ಮಡಿಕೆ, ಆಲ್ಬಮ್ಮಿನಿಂದ ಕಿತ್ತ ಗಾಯ, ಕಿತ್ತುಹಾಕಿದ ಚೀಟಿ ಇವನ್ನು ನೋಡಿಕೊಳ್ಳಿ. ಇಂಗ್ಲೆಂಡಿನಿಂದ ಭಾರತಕ್ಕೆ ಬರುವ ಅಂಚೆ ವೆಚ್ಚ ಹಲವು ಬಾರಿ ಕಾರ್ಡಿನ ಬೆಲೆಯನ್ನು ಮೀರಿಸುತ್ತದೆ. ಒಬ್ಬರಿಂದಲೇ ಹತ್ತಿಪ್ಪತ್ತು ಕಾರ್ಡು ಒಟ್ಟಿಗೆ ತರಿಸಿ, ಗಟ್ಟಿ ರಟ್ಟಿನ ನಡುವೆ ಇಟ್ಟು ಕಳಿಸಲು ಹೇಳಿ. ಸುಂಕ ಬೀಳಬಹುದೆಂಬ ಲೆಕ್ಕವೂ ಇರಲಿ.

ಬಂದ ಕಾರ್ಡನ್ನು ಒರೆಸಬೇಡಿ, ಉಜ್ಜಬೇಡಿ, ಹರಿದ ಕಡೆ ಟೇಪು ಹಚ್ಚಬೇಡಿ. ಪಾಲಿಯೆಸ್ಟರ್ ಲಕೋಟೆಯಲ್ಲಿ ಹಾಕಿ ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ. ಪಿವಿಸಿ ಹಾಳೆಗಳ ಅಗ್ಗದ ಆಲ್ಬಮ್ ಬೇಡವೇ ಬೇಡ, ಕಾಲ ಕಳೆದಂತೆ ಅದು ಬಿಡುವ ರಾಸಾಯನಿಕ ಕಾರ್ಡಿನ ಮೇಲ್ಮೈಯನ್ನು ಹಾಳು ಮಾಡುತ್ತದೆ. ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಶತ್ರು ಬೂಷ್ಟು. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದನ್ನು ಆಗಾಗ ಬದಲಿಸಿ.

ಕೊನೆಯದಾಗಿ, 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ) ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ. ಕಡತದ ಹೆಸರಿನಲ್ಲಿ ಜಾಗ, ಫೋಟೋದ ಕಾಲಮಿತಿ, ಪ್ರಕಾಶಕರು, ಅವರ ಸಂಖ್ಯೆ ಇಷ್ಟೂ ಇರಲಿ. ಕಾರ್ಡಿನ ಮೇಲೆ ಏನಾದರೂ ಗುರುತು ಹಾಕಲೇಬೇಕಾದರೆ ಬೆನ್ನಿನ ಮೂಲೆಯಲ್ಲಿ ಮೃದು ಪೆನ್ಸಿಲ್‌ನಿಂದ ಒಂದು ಅಂಕಿ ಸಾಕು. ಅಲ್ಲಿ ಈಗಾಗಲೇ ಯಾವುದೋ ಅಂಗಡಿಯವರು ಪೆನ್ಸಿಲ್‌ನಲ್ಲಿ ಬರೆದ ಹಳೆಯ ಬೆಲೆ ಇದ್ದರೆ ಅಳಿಸಬೇಡಿ. ನೀವು ಎಷ್ಟು ಹೆಚ್ಚು ಕೊಟ್ಟಿರಿ ಎಂಬುದು ಅದರಿಂದ ತಿಳಿಯುತ್ತದೆ.